ಜೆಟ್ ಮುಟ್ಟುವ ಮೊದಲು: ಟ್ರಯಲ್ಸ್ ಬೈಕಿನ ಮುಗ್ಗರಿಕೆಗೆ ಒಂದು ದೀರ್ಘ ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಯಾರೋ ಓಡಿಸಿ ಬಿಟ್ಟ 280 ಸಿಸಿ ಟೂ ಸ್ಟ್ರೋಕ್ ಟ್ರಯಲ್ಸ್ ಬೈಕ್ ಕೊಂಡಿದ್ದೀರಿ. ಐಡ್ಲಿಂಗ್‌ನಲ್ಲಿದ್ದಾಗ ಥ್ರಾಟಲ್ ತುಸು ತಿರುಗಿಸಿದರೆ ಎಂಜಿನ್ ಒಂದು ಕ್ಷಣ ಉಸಿರು ಬಿಗಿಹಿಡಿದು, ಆಮೇಲೆ ಒಮ್ಮೆಲೇ ನೆಗೆಯುತ್ತದೆ. ಬೆಳಿಗ್ಗೆ ಕ್ಲಚ್ ಹಿಡಿದು ಗೇರ್ ಹಾಕಿದರೂ ಬೈಕ್ ಮುಂದಕ್ಕೆ ಜಿಗಿಯುತ್ತದೆ. ಮುಗ್ಗರಿಕೆಗೆ ಈ ವೇದಿಕೆಯಲ್ಲಿ ಇಬ್ಬರು ಮೇನ್ ಜೆಟ್ (ಜೆಟ್ ಅಂದರೆ ಕಾರ್ಬುರೇಟರ್‌ನಲ್ಲಿ ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ರಂಧ್ರದ ತಿರುಪು) ಬದಲಿಸಲು ಹೇಳಿದ್ದಾರೆ. ದಯವಿಟ್ಟು ಈಗಲೇ ಬೇಡ.

ಕಾರಣ ಹೇಳುತ್ತೇನೆ. ಮೇನ್ ಜೆಟ್‌ನ ಪ್ರಭಾವ ಗೊತ್ತಾಗುವುದು ಥ್ರಾಟಲ್ ಮುಕ್ಕಾಲು ಭಾಗ ದಾಟಿದ ಮೇಲೆ. ಬಂಡೆಗಳ ನಡುವೆ ಕಾಲೂರದೆ ನುಸುಳುವ ಈ ಟ್ರಯಲ್ಸ್ ಆಟದಲ್ಲಿ ಅಷ್ಟು ತೆರೆಯುವ ಪ್ರಸಂಗ ಎಷ್ಟು ಬಂದೀತು? ನಮ್ಮ ಬದುಕೆಲ್ಲ ಥ್ರಾಟಲ್‌ನ ಮೊದಲ ಎಂಟನೇ ಒಂದು ಭಾಗದಲ್ಲಿದೆ. ಅಲ್ಲಿ ಆಳುವುದು ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಚಿಕ್ಕ ಜೆಟ್) ಮತ್ತು ಅದರ ಮಿಶ್ರಣ ಹೊಂದಿಸುವ ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ (ಥ್ರಾಟಲ್ ತಿರುಗಿಸಿದಾಗ ಕಾರ್ಬುರೇಟರ್ ಒಳಗೆ ಮೇಲೇಳುವ ಬಾಗಿಲು) ಕೆಳ ಅಂಚಿನ ಕೊರೆತ, ಆಮೇಲೆ ಅದಕ್ಕೆ ತೂಗುವ ಸೂಜಿ. ನಿಮ್ಮ ಬೈಕ್ ಮುಗ್ಗರಿಸುತ್ತಿರುವ ಜಾಗ ಮೊದಲನೆಯದು, ಹೆಚ್ಚೆಂದರೆ ಎರಡನೆಯದು. ಅಲ್ಲಿಯ ದೋಷಕ್ಕೆ ಮೇನ್ ಜೆಟ್ ಮದ್ದಲ್ಲ.

ಇಷ್ಟು ಒತ್ತಿ ಹೇಳಲು ನನ್ನ ಅನುಭವವೇ ಕಾರಣ. ಇದೇ ಲಕ್ಷಣದ ಬೈಕ್ ಇಟ್ಟುಕೊಂಡು ನಾನು ಮೂರು ತಿಂಗಳು ಜೆಟ್ ಬದಲಿಸುತ್ತಲೇ ಇದ್ದೆ. ಒಂದು ದಿನ ಸರಿ ಅನ್ನಿಸುತ್ತಿತ್ತು, ಮರುದಿನ ಮತ್ತೆ ಅದೇ. ಕೊನೆಗೆ ಕಾರ್ಬುರೇಟರ್ ಬಿಚ್ಚಿ, ಅದಕ್ಕೂ ಎಂಜಿನ್‌ಗೂ ನಡುವಿನ ಇನ್‌ಲೆಟ್ ರಬ್ಬರನ್ನು ಕೈಗೆ ತೆಗೆದುಕೊಂಡೆ. ಮೇಲಿನಿಂದ ನೋಡಿದರೆ ಹೊಸದರ ಹಾಗಿತ್ತು. ಎರಡೂ ಹೆಬ್ಬೆರಳುಗಳಿಂದ ಹಿಂದಕ್ಕೆ ಬಾಗಿಸಿದಾಗ ಕೆಳಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಮೀನಿನ ಬಾಯಿಯ ಹಾಗೆ ತೆರೆದುಕೊಂಡಿತು. ಎಂಜಿನ್ ಬಿಸಿಯಾಗಿ ರಬ್ಬರ್ ಮೆತ್ತಗಾದಾಗ ಅಲ್ಲಿಂದ ಗಾಳಿ ನುಗ್ಗುತ್ತಿತ್ತು. ಕದ್ದು ನುಗ್ಗುವ ಗಾಳಿಯನ್ನು ಯಾವ ಜೆಟ್ಟೂ ಸರಿದೂಗಿಸಲಾರದು, ಏಕೆಂದರೆ ಅದು ಪ್ರತಿ ಸಲ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ.

ಆದ್ದರಿಂದ ಮೊದಲು ಗಾಳಿಯ ದಾರಿ. ಫೋಮ್ ಏರ್ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಪೆಟ್ರೋಲಿನಲ್ಲಿ ತೊಳೆದರೆ ಅಂಟಿನ ಕೂಡುಗಳು ಬಿಡುತ್ತವೆ. ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲ್ ಹಚ್ಚಿ, ಹಿಂಡಿ, ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿ. ಏರ್ ಬಾಕ್ಸ್ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಫಿಲ್ಟರ್‌ನ ಆಚೆ ಬದಿಯಲ್ಲಿ, ಅಂದರೆ ಎಂಜಿನ್ ಕಡೆ, ಮಣ್ಣಿನ ಕಲೆ ಬಂದರೆ ಪಿಸ್ಟನ್ ರಿಂಗ್‌ಗಳನ್ನೂ ನೋಡಬೇಕಾಗುತ್ತದೆ.

ರೀಡ್ ವಾಲ್ವ್ (ಮಿಶ್ರಣವನ್ನು ಒಳಕ್ಕೆ ಮಾತ್ರ ಬಿಡುವ ತೆಳು ಎಸಳುಗಳ ಕವಾಟ) ಬಿಚ್ಚಿ ಬೆಳಕಿಗೆ ಹಿಡಿಯಿರಿ. ಎಸಳುಗಳ ಮೂಲೆ ಒಡೆದಿದ್ದರೆ ಅಥವಾ ಅಂಚು ಎಳೆ ಎಳೆಯಾಗಿ ಬಿಟ್ಟಿದ್ದರೆ ಬದಲಿಸಿ. ಕಿಕ್ ಹೊಡೆದು ಸುಸ್ತಾಗುವ ಎಷ್ಟೋ ಬೈಕುಗಳ ರೋಗ ಇಲ್ಲಿರುತ್ತದೆ.

ಇನ್ನು ಕ್ರ್ಯಾಂಕ್ ಆಯಿಲ್ ಸೀಲ್. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿನ ಕೋಣೆ, ಅಂದರೆ ಕ್ರ್ಯಾಂಕ್ ಕೇಸೇ, ಮಿಶ್ರಣವನ್ನು ಎಳೆದು ತಳ್ಳುವ ಪಂಪು. ಅದರ ಎರಡು ಬದಿಯ ಸೀಲ್‌ಗಳು ಕೆಟ್ಟಾಗ ತೋರುವ ಲಕ್ಷಣಗಳು ಬೇರೆ ಬೇರೆ. ಮ್ಯಾಗ್ನೆಟ್ ಬದಿಯದು ಹೋದರೆ ಗಾಳಿ ಎಳೆದುಕೊಳ್ಳುತ್ತದೆ: ಥ್ರಾಟಲ್ ಬಿಟ್ಟರೂ ಎಂಜಿನ್ ವೇಗ ತಕ್ಷಣ ಇಳಿಯದೆ ಮೇಲೆಯೇ ನೇತಾಡುತ್ತದೆ, ಐಡ್ಲಿಂಗ್ ಏರುಪೇರಾಗುತ್ತದೆ. ಕ್ಲಚ್ ಬದಿಯದು ಹೋದರೆ ಗೇರ್ ಆಯಿಲನ್ನೇ ಕುಡಿಯುತ್ತದೆ: ಬಿಸಿಯಾದ ಮೇಲೂ ದಟ್ಟ ಹೊಗೆ, ಒದ್ದೆ ಪ್ಲಗ್, ಹೊರಗೆಲ್ಲೂ ಸೋರದೆ ಆಯಿಲ್ ಕಡಿಮೆಯಾಗುವುದು. ಊಹೆ ಮಾಡುವ ಬದಲು ಒತ್ತಡ ಪರೀಕ್ಷೆ ಮಾಡಿ. ಪಿಸ್ಟನ್ ಕೆಳಗೆ ತಂದು, ಇನ್‌ಲೆಟ್ ಮತ್ತು ಎಕ್ಸಾಸ್ಟ್ ಎರಡನ್ನೂ ರಬ್ಬರ್ ಬಿರಟೆಯಿಂದ ಮುಚ್ಚಿ, ಒಂದಕ್ಕೆ ಟ್ಯೂಬ್ ವಾಲ್ವ್ ತೂರಿಸಿ, ಕೈಪಂಪಿನಿಂದ 5–6 ಪಿಎಸ್‌ಐ ತುಂಬಿ. ಅದಕ್ಕಿಂತ ಹೆಚ್ಚು ಬೇಡ, ಸೀಲಿನ ತುಟಿಯೇ ಹೊರಳಬಹುದು. ಮಾಪಕದ ಮುಳ್ಳು ಕೆಲವು ನಿಮಿಷ ನಿಂತರೆ ನಿಶ್ಚಿಂತೆ. ಇಳಿಯುತ್ತಿದ್ದರೆ ಕೂಡುಗಳಿಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದ ಜಾಗವೇ ಸೋರಿಕೆ. ಗೇರ್ ಬಾಕ್ಸಿನ ಉಸಿರುಕೊಳವೆಯಲ್ಲಿ ಗುಳ್ಳೆ ಬಂದರೆ ಕ್ಲಚ್ ಬದಿಯ ಸೀಲ್ ಹೋಗಿದೆ ಎಂದೇ ಅರ್ಥ.

ಇಷ್ಟು ಆದ ಮೇಲೆ ಪೆಟ್ರೋಲ್. ಹಳೆಯದನ್ನು ಪೂರ್ತಿ ಚೆಲ್ಲಿ. ಟ್ಯಾಂಕ್ ಮುಚ್ಚಳದ ಗಾಳಿಕೊಳವೆ ಕಟ್ಟಿಕೊಂಡಿಲ್ಲವೆಂದು ಊದಿ ನೋಡಿ. ಆಯಿಲ್ ಪ್ರಮಾಣ ನಿಮ್ಮ ಕೈಪಿಡಿಯಲ್ಲಿದ್ದಂತೆ ಇರಲಿ. ಲೆಕ್ಕಕ್ಕೆ ಹೇಳುವುದಾದರೆ 50:1 ಅಂದರೆ 5 ಲೀಟರ್‌ಗೆ 100 ಮಿ.ಲೀ., 80:1 ಅಂದರೆ ಸುಮಾರು 62 ಮಿ.ಲೀ. ಒಮ್ಮೆ ಆರಿಸಿದ ಅನುಪಾತವನ್ನು ಬದಲಿಸಬೇಡಿ. ಆಯಿಲ್ ಹೆಚ್ಚು ಹಾಕಿದಷ್ಟೂ ಜೆಟ್ ಮೂಲಕ ಹರಿಯುವ ಪೆಟ್ರೋಲ್ ಕಡಿಮೆಯಾಗುತ್ತದೆ. ಹೊಗೆ ಹೆಚ್ಚಿದರೂ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಇದನ್ನು ಬಹಳ ಮಂದಿ ತಿರುಗುಮುರುಗಾಗಿ ತಿಳಿದಿದ್ದಾರೆ.

ಈಗ ನಿಮ್ಮ ಮುಗ್ಗರಿಕೆ ಪೆಟ್ರೋಲ್ ಸಾಲದ್ದೋ ಹೆಚ್ಚಾದದ್ದೋ ಎಂದು ತಿಳಿಯಲು ಎರಡು ಸರಳ ಪರೀಕ್ಷೆಗಳಿವೆ. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ. ಮೊದಲು ಚೋಕ್ ಸ್ವಲ್ಪವೇ ಎತ್ತಿ ಥ್ರಾಟಲ್ ತೆರೆಯಿರಿ. ಮುಗ್ಗರಿಕೆ ಕಡಿಮೆಯಾದರೆ ಪೆಟ್ರೋಲ್ ಸಾಲುತ್ತಿಲ್ಲ. ಇನ್ನಷ್ಟು ಹದಗೆಟ್ಟರೆ ಎರಡನೆಯ ಪರೀಕ್ಷೆ: ಚೋಕ್ ಇಳಿಸಿ, ಟ್ಯಾಂಕಿನ ಪೆಟ್ರೋಲ್ ನಲ್ಲಿಯನ್ನು ಮುಚ್ಚಿ, ಆಗಾಗ ಥ್ರಾಟಲನ್ನು ಸಣ್ಣಗೆ ತಿರುಗಿಸುತ್ತಾ ಕಾಯಿರಿ. ಕಾರ್ಬುರೇಟರ್ ಬೌಲಿನಲ್ಲಿರುವ ಪೆಟ್ರೋಲ್ ಖಾಲಿಯಾಗುತ್ತಾ ಬಂದಂತೆ ಎಂಜಿನ್ ಚುರುಕಾಗಿ ಸ್ಪಂದಿಸಿ ಆಮೇಲೆ ನಿಂತರೆ, ಈವರೆಗೆ ಪೆಟ್ರೋಲ್ ಹೆಚ್ಚಾಗಿತ್ತು. ಕಿವಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಸಾಲದಾಗ "ಬ್ವಾ" ಎಂದು ಟೊಳ್ಳು ಸದ್ದು ಬಂದು ಎಂಜಿನ್ ಸಾಯುವ ಹಾಗಾಗುತ್ತದೆ. ಹೆಚ್ಚಾದಾಗ ಗಂಟಲಲ್ಲಿ ಕಫ ಕಟ್ಟಿದಂತೆ ಗರಗರ ಎನ್ನುತ್ತದೆ.

ಏರ್ ಸ್ಕ್ರೂ ಹೊಂದಿಸುವುದು ತಾಳ್ಮೆಯ ಕೆಲಸ. ಮೊದಲು ಸ್ಕ್ರೂ ಎಲ್ಲಿದೆ ನೋಡಿ. ಸ್ಲೈಡಿಗಿಂತ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯನ್ನು ನಿಯಂತ್ರಿಸುತ್ತದೆ, ಹೊರಕ್ಕೆ ತಿರುಗಿಸಿದರೆ ಲೀನ್. ಎಂಜಿನ್ ಕಡೆ ಇದ್ದರೆ ಪೆಟ್ರೋಲನ್ನು ನಿಯಂತ್ರಿಸುತ್ತದೆ, ಹೊರಕ್ಕೆ ತಿರುಗಿಸಿದರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಕೈಹಿನ್ ಪಿಡಬ್ಲ್ಯುಕೆ ಕಾರ್ಬುರೇಟರ್ ಇದ್ದರೆ ಮೊದಲನೆಯ ಬಗೆ, ಅದನ್ನು ಹೊಂದಿಸುವುದು ಹೀಗೆ. ಹಗುರವಾಗಿ ಪೂರ್ತಿ ಒಳಕ್ಕೆ ಕೂರಿಸಿ, ಒಂದೂವರೆ ಸುತ್ತು ಹೊರತೆಗೆಯಿರಿ. ಬಿಸಿ ಎಂಜಿನ್‌ನಲ್ಲಿ ಕಾಲು ಸುತ್ತಿನಂತೆ ಆಚೀಚೆ ತಿರುಗಿಸುತ್ತಾ, ಪ್ರತಿ ಸಲ ಐದಾರು ಸೆಕೆಂಡ್ ಬಿಟ್ಟು, ಐಡ್ಲಿಂಗ್ ಅತಿ ಹೆಚ್ಚಾಗುವ ಜಾಗ ಹುಡುಕಿ. ಅಲ್ಲಿಂದ ಕೂದಲಷ್ಟು ಒಳಕ್ಕೆ ತಿರುಗಿಸಿ ಬಿಡಿ. ಐಡ್ಲಿಂಗ್ ವೇಗವನ್ನು ಬೇರೆ ಸ್ಕ್ರೂನಿಂದ ಇಳಿಸಿಕೊಳ್ಳಿ. ಆ ಜಾಗ ಒಂದು ಸುತ್ತಿಗಿಂತ ಕಡಿಮೆ ಬಂದರೆ ಪೈಲಟ್ ಜೆಟ್ ಒಂದು ಅಳತೆ ದೊಡ್ಡದು ಬೇಕು, ಎರಡೂವರೆ ದಾಟಿದರೆ ಒಂದು ಅಳತೆ ಚಿಕ್ಕದು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಚೀಟಿಯಲ್ಲಿ ಬರೆದಿಡಿ.

ಏರಿನಲ್ಲೋ ಇಳಿಜಾರಿನಲ್ಲೋ ಮಾತ್ರ ಗರಗರ ಎಂದರೆ ಜೆಟ್ ಅಲ್ಲ, ಫ್ಲೋಟ್ (ಬೌಲಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ತೇಲು) ಎತ್ತರ ನೋಡಿ. ನಮ್ಮ ಬೈಕುಗಳು ನೆಟ್ಟಗೆ ನಿಲ್ಲುವುದಕ್ಕಿಂತ ವಾಲಿಕೊಂಡಿರುವುದೇ ಹೆಚ್ಚು.

ಕ್ಲಚ್ ವಿಷಯ. ರಾತ್ರಿಯೆಲ್ಲ ನಿಂತ ಬೈಕಿನಲ್ಲಿ ಪ್ಲೇಟುಗಳು ಆಯಿಲಿನಿಂದ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಟಾರ್ಟ್ ಮಾಡುವ ಮೊದಲೇ ಗೇರ್ ಹಾಕಿ, ಕ್ಲಚ್ ಹಿಡಿದು, ಬೈಕನ್ನು ಹಿಂದೆ ಮುಂದೆ ತಳ್ಳಿ ಬಿಡಿಸಿಕೊಳ್ಳಿ. ಬೀಟಾ ಬೈಕ್ ಇಟ್ಟುಕೊಂಡವರಿಗೆ ಇದು ಹಳೆಯ ಪರಿಚಯ. ಅವರಲ್ಲಿ ಹಲವರು ಫ್ರಿಕ್ಷನ್ ಪ್ಲೇಟಿನ ತುಂಡುಗಳ ಸುತ್ತ ಉಕ್ಕಿ ನಿಂತ ಅಂಟನ್ನು ಚೂಪು ಅಲಗಿನಿಂದ ಕೆರೆದು ತೆಗೆಯುತ್ತಾರೆ. ಒಂದು ಮಧ್ಯಾಹ್ನದ ಕೆಲಸ, ಆದರೆ ವ್ಯತ್ಯಾಸ ಬೆರಳಿಗೇ ತಿಳಿಯುತ್ತದೆ. ಕ್ಲಚ್ಚಿಗೆ ಹೈಡ್ರಾಲಿಕ್ ದ್ರವ ಹಾಕುವ ಮುನ್ನ ಮುಚ್ಚಳದ ಮೇಲಿನ ಬರಹ ಓದಿ. ಕೆಲವಕ್ಕೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ 4 ಬ್ರೇಕ್ ದ್ರವ. ಅದಲುಬದಲಾದರೆ ಒಳಗಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ವಾಟರ್ ಪಂಪ್ ಸೀಲ್ ಮೇಲೆ ಸಂಶಯವಿರಲಿ.

ಬೈಕ್ ತುಂಬಾ ಒರಟಾಗಿ ನುಗ್ಗುತ್ತದೆ ಎಂದೂ ಬರೆದಿದ್ದೀರಿ. ಮುಗ್ಗರಿಕೆ ಹೋದರೆ ಅರ್ಧ ಒರಟುತನವೂ ಹೋಗುತ್ತದೆ. ಉಳಿದದ್ದಕ್ಕೆ ಸೌಮ್ಯ ಉಪಾಯಗಳಿವೆ: ನಿಧಾನ ತಿರುಗುವ ಥ್ರಾಟಲ್ ಟ್ಯೂಬ್, ಫ್ಲೈವೀಲಿಗೆ ಹೆಚ್ಚುವರಿ ತೂಕ. ಹೆಡ್ ಕೆರೆಯುವುದು, ಪೋರ್ಟ್ ಅಗಲಿಸುವುದು ಬೇಡವೇ ಬೇಡ. 1965ರಲ್ಲಿ ಟ್ರಯಲ್ಸ್ ಸವಾರ ಸ್ಯಾಮಿ ಮಿಲ್ಲರ್ ಬುಲ್ಟಾಕೊ ಕಂಪನಿಯ ಟೂ ಸ್ಟ್ರೋಕಿನಲ್ಲಿ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಸ್ಪರ್ಧೆ ಗೆದ್ದಾಗಲೂ ಕೆಲಸಕ್ಕೆ ಬಂದದ್ದು ಕೆಳಹಂತದ ಹಿಡಿತವೇ ಹೊರತು ಕುದುರೆಶಕ್ತಿಯಲ್ಲ.

ಟೈರ್ ಒತ್ತಡವನ್ನೂ ನೋಡಿಕೊಳ್ಳಿ. ಹಿಂದೆ 4–5, ಮುಂದೆ 6–7 ಪಿಎಸ್‌ಐ. ಸಾಮಾನ್ಯ ಮಾಪಕದಲ್ಲಿ ಇಷ್ಟು ಕಡಿಮೆ ಒತ್ತಡ ಸರಿಯಾಗಿ ಕಾಣುವುದಿಲ್ಲ, ಕಡಿಮೆ ಒತ್ತಡದ್ದೇ ಬೇಕು. ಹಿಂದಿನ ಚಕ್ರ ಜಾರುವುದನ್ನು ಎಂಜಿನ್‌ನ ಒರಟುತನವೆಂದು ತಪ್ಪಾಗಿ ಭಾವಿಸುವುದುಂಟು.

ಮೊದಲು ರಬ್ಬರ್ ಬಾಗಿಸಿ ನೋಡಿ, ಆಮೇಲೆ ಚೋಕ್ ಮತ್ತು ನಲ್ಲಿಯ ಪರೀಕ್ಷೆ ಮಾಡಿ. ಫಲಿತಾಂಶದ ಜೊತೆಗೆ ಕಾರ್ಬುರೇಟರ್‌ನ ಹೆಸರು, ಈಗಿರುವ ಪೈಲಟ್ ಜೆಟ್ ಸಂಖ್ಯೆ, ಏರ್ ಸ್ಕ್ರೂ ಎಷ್ಟು ಸುತ್ತು ಹೊರಗಿದೆ ಎಂಬುದನ್ನು ಇಲ್ಲೇ ಬರೆಯಿರಿ. ಅಲ್ಲಿಂದ ಮುಂದೆ ಯಾವ ಜೆಟ್ ಬೇಕು ಎಂದು ನೋಡೋಣ.