ಪಂಚಾಯತುಗಳು ಒಟ್ಟು ಸೇರಿದರೆ ಲೈಫ್ ಮನೆಗಳಿಗೆ ಪರ್ಮಿಟ್ ಬೇಗ ಸಿಕ್ಕೀತೇ?

ಕಾಸರಗೋಡು ಜಿಲ್ಲೆಯ ಮಂಜೇಶ್ವರ ಬ್ಲಾಕಿನ ನಾಲ್ಕು ಪಂಚಾಯತುಗಳು ಸೇರಿ ಒಂದು ಜಂಟಿ ಸಮಿತಿ ಮಾಡಿದರೆ ಮನೆಯಿಲ್ಲದವರಿಗೆ ಮನೆ ಕೊಡುವ ಕೇರಳ ಸರಕಾರದ ಲೈಫ್ ಯೋಜನೆಯ ಮನೆಗಳಿಗೆ ಬೇಗ ಅನುಮತಿ ಕೊಡಿಸಬಹುದೇ ಎಂದು ಕೇಳಿದ್ದೀರಿ. ನಾನು ವಾರ್ಡ್ ಮೆಂಬರಾಗಿದ್ದಾಗ ನಾವು ಮೂರು ಪಂಚಾಯತಿನವರು ಮಾಡಿದ್ದು ಇದನ್ನೇ. ಅದರಿಂದ ಒಂದಿಡೀ ಮಳೆಗಾಲ ಹೋಯಿತು.

ಡಾಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆ ಮತ್ತು ಜೌಗುಭೂಮಿಗಳ ಸರಕಾರಿ ಪಟ್ಟಿಯಲ್ಲಿ, ಗದ್ದೆ ಎಂದು ಸೇರಿದ ಜಾಗದಲ್ಲಿ ಮನೆ ಕಟ್ಟಬೇಕಾದರೆ, ಕೇರಳದ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾನೂನಿನಂತೆ ಸ್ಥಳೀಯ ನಿರೀಕ್ಷಣಾ ಸಮಿತಿಯ ಶಿಫಾರಸು ಬೇಕು, ಆಮೇಲೆ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅಧ್ಯಕ್ಷರಾಗಿರುವ ಜಿಲ್ಲಾ ಮಟ್ಟದ ಸಮಿತಿಯ ಒಪ್ಪಿಗೆ ಬೇಕು. ಪಂಚಾಯತಿನಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ಮಿತಿ. ಸ್ಥಳೀಯ ಸಮಿತಿಯಲ್ಲಿ ಪಂಚಾಯತು ಅಧ್ಯಕ್ಷರು, ಸಂಚಾಲಕರಾಗಿ ಕೃಷಿ ಆಫೀಸರ್, ವಿಲೇಜ್ ಆಫೀಸರ್, ಮೂವರು ರೈತರು ಇರುತ್ತಾರೆ. ನಾವು ಮೂರೂ ಸಮಿತಿಗಳನ್ನು ಒಂದೇ ಹಾಲಿನಲ್ಲಿ ಕೂರಿಸಿ, ಒಂದೇ ಮಿನಿಟ್ಸ್ ಬರೆದು, ಎಲ್ಲ ಅರ್ಜಿಗಳನ್ನೂ ಪಟ್ಟಿ ಮಾಡಿ, ಕೆಳಗೆ ‘ಶಿಫಾರಸು ಮಾಡಲಾಗಿದೆ’ ಎಂದು ಒಂದು ಸಾಲು ಹಾಕಿ ಕಳಿಸಿದೆವು. ಕಟ್ಟು ಕಟ್ಟಾಗಿ ವಾಪಸು ಬಂತು.

ತಪ್ಪು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಹೊರಟಿರುವುದೂ ಅದೇ ದಾರಿಯಲ್ಲಿ. ಈ ಸಮಿತಿ ಒಂದೊಂದು ಪಂಚಾಯತಿಗೆ ಒಂದೊಂದು ಎಂದು ಕಾನೂನೇ ಹೇಳಿದೆ. ಪಕ್ಕದ ಪಂಚಾಯತಿನ ಅಧ್ಯಕ್ಷರು ನಿಮ್ಮ ಗದ್ದೆಯ ಕಡತಕ್ಕೆ ಸಹಿ ಹಾಕಿದರೆ ಅದಕ್ಕೆ ಬೆಲೆಯಿಲ್ಲ. ಬೆಲೆಯಿಲ್ಲದ್ದು ಮಾತ್ರವಲ್ಲ, ನಿಮ್ಮವರ ಸಹಿಯೂ ಅದೇ ಹಾಳೆಯಲ್ಲಿರುವುದರಿಂದ ಅದೂ ಸಂಶಯಕ್ಕೆ ಬೀಳುತ್ತದೆ. ಎರಡನೆಯದಾಗಿ, ಕಾನೂನಿನ 9ನೇ ಸೆಕ್ಷನ್ ಕೇಳುವುದು ಬರೀ ಶಿಫಾರಸನ್ನಲ್ಲ. ಮನೆ ಅರ್ಜಿದಾರರ ಸ್ವಂತ ವಾಸಕ್ಕೇ ಹೌದೇ, ಅವರಿಗಾಗಲಿ ಕುಟುಂಬಕ್ಕಾಗಲಿ ಜಿಲ್ಲೆಯಲ್ಲಿ ಬೇರೆ ಯೋಗ್ಯ ಜಾಗ ಇಲ್ಲವೇ, ಮಣ್ಣು ತುಂಬಿಸಿದರೆ ಬದಿಯ ಬೇಸಾಯಕ್ಕೆ ತೊಂದರೆಯೇ, ಆ ತುಂಡಿನ ಸುತ್ತಲೂ ಗದ್ದೆಯೇ ಇದೆಯೇ ಎಂಬುದಕ್ಕೆಲ್ಲ ಒಬ್ಬೊಬ್ಬ ಅರ್ಜಿದಾರರ ಹೆಸರಿನಲ್ಲಿ ಬೇರೆ ಬೇರೆ ಉತ್ತರ ಬೇಕು. ನಾವು ಮತ್ತೆ ಸ್ಥಳ ನೋಡಿ ಬರೆಯುವಷ್ಟರಲ್ಲಿ ಜೂನ್ ಬಂತು. ನೀರು ನಿಂತ ಗದ್ದೆಯಲ್ಲಿ ಪಂಚಾಂಗದ ಗುಂಡಿ ತೋಡಲು ಯಾರಿಂದಾದೀತು?

ಹಾಗೆಂದು ಒಟ್ಟು ಸೇರುವುದೇ ಬೇಡ ಎನ್ನುತ್ತಿಲ್ಲ. ತೀರ್ಮಾನ ಅವರವರ ಪಂಚಾಯತಿನಲ್ಲೇ ಆಗಲಿ, ತಯಾರಿ ಒಟ್ಟಿಗೆ ನಡೆಯಲಿ. ‘ಜಿಲ್ಲೆಯಲ್ಲಿ ಬೇರೆ ಜಾಗ ಇಲ್ಲ’ ಎಂಬುದನ್ನು ಒಂದು ಪಂಚಾಯತು ತಾನೊಬ್ಬನೇ ಹೇಳಲಾಗದು. ಪೈವಳಿಕೆಯ ಅರ್ಜಿದಾರರಿಗೆ ಮೀಂಜದಲ್ಲೋ ಎಣ್ಮಕಜೆಯಲ್ಲೋ ಪಾಲಿನ ಜಾಗ ಇರಬಹುದು. ನಾಲ್ಕೂ ಕಡೆಯ ವಿಲೇಜ್ ಆಫೀಸಿನವರು ಪಟ್ಟಿ ಎದುರಿಟ್ಟುಕೊಂಡು ಒಂದು ದಿನ ಕೂತರೆ ಆ ಪ್ರಶ್ನೆ ಅಲ್ಲೇ ಮುಗಿಯುತ್ತದೆ. ಅದೇ ದಿನ ಹೆಸರುಗಳನ್ನೂ ತಾಳೆ ನೋಡಿ. ನಮ್ಮಲ್ಲಿ ಜಾಗದ ಹಳೆಯ ಆಧಾರಪತ್ರ ಕನ್ನಡದಲ್ಲಿ, ರೇಷನ್ ಕಾರ್ಡು ಮಲಯಾಳದಲ್ಲಿ. ಒಂದರಲ್ಲಿ ಮನೆಹೆಸರು ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಇಬ್ಬರೂ ಒಬ್ಬರೇ ಎಂಬ ಸರ್ಟಿಫಿಕೇಟನ್ನು ವಿಲೇಜ್ ಆಫೀಸಿನಿಂದ ಅರ್ಜಿಗೆ ಮೊದಲೇ ಮಾಡಿಸಿಡಿ.

ಇನ್ನು, ಪರ್ಮಿಟ್ ತಡವಾಗುತ್ತದೆ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. 300 ಚದರ ಮೀಟರ್ ಒಳಗಿನ ಸಣ್ಣ ಮನೆಗೆ ಕೇರಳದಲ್ಲಿ ಸ್ವಯಂ ದೃಢೀಕರಣದ ಪರ್ಮಿಟ್ ಇದೆ. ಲೈಫ್ ಮನೆ ಸುಮಾರು 400 ಚದರ ಅಡಿ ಮಾತ್ರ. ಜಾಗದ ದಾಖಲೆ ಸರಿಯಿದ್ದರೆ ಪಂಚಾಯತಿನಲ್ಲಿ ಕಾಯುವ ಕೆಲಸವೇ ಇಲ್ಲ. ಡಾಟಾ ಬ್ಯಾಂಕಿನಲ್ಲಿ ಇಲ್ಲದೆ, ಹಳೆಯ ರಿಕಾರ್ಡಿನಲ್ಲಿ ಮಾತ್ರ ‘ನಂಜ’ (ಗದ್ದೆ ಜಾಗ) ಎಂದಿದ್ದರೆ ಅದನ್ನು ಬೇರೆ ಕಟ್ಟು ಮಾಡಿ. 4.04 ಆರ್, ಅಂದರೆ 10 ಸೆಂಟ್ಸ್ ಒಳಗೆ 120 ಚದರ ಮೀಟರ್ ವರೆಗಿನ ಮನೆಗೆ ತರ ಬದಲಾವಣೆಯೇ, ಅಂದರೆ ದಾಖಲೆಯಲ್ಲಿ ಜಾಗದ ವರ್ಗ ಬದಲಿಸುವುದೇ, ಬೇಡ. ಅಂಥವರನ್ನು ಸುಮ್ಮನೆ ತರ ಬದಲಾವಣೆಯ 6ನೇ ಫಾರಂ ಹಿಡಿಸಿ ಆರ್‌ಡಿಒ ಆಫೀಸಿಗೆ ಅಲೆಸಬೇಡಿ.

ಹಣದ ವಿಷಯದಲ್ಲಂತೂ ಒಟ್ಟು ಸೇರಲೇಬೇಕು. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆಯ (ಪಿಎಂಎವೈ) ಗ್ರಾಮೀಣ ಪಟ್ಟಿಯ ಮನೆಗೆ ಕೇಂದ್ರದ ಪಾಲು 72,000 ರೂಪಾಯಿ ಮಾತ್ರ. ಲೈಫ್ ಮನೆಗೆ ಕೊಡುವ 4 ಲಕ್ಷಕ್ಕೆ ಉಳಿದದ್ದನ್ನು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ತುಂಬಬೇಕು. ಬ್ಲಾಕಿನ ಪಾಲು, ಜಿಲ್ಲಾ ಪಂಚಾಯತಿನ ಪಾಲು ಯಾವ ತಿಂಗಳು ಬರುತ್ತದೆ ಎಂದು ಮೊದಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಗೋಡೆ ಲಿಂಟಲಿಗೆ ಬಂದು ನಿಲ್ಲುತ್ತದೆ.

ಮತ್ತೊಂದು. ಮನೆಜಾಗ 5 ಸೆಂಟ್ಸ್ ಮಾತ್ರ ಇದ್ದರೆ ಅದು ಹೆಚ್ಚುಕಡಿಮೆ 14 ಮೀಟರ್ ಚೌಕ. ಪಾಯಿಖಾನೆಯ ಗುಂಡಿ ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ದೂರ ಇರಬೇಕು, ನೆರೆಮನೆಯ ಬಾವಿಯಾದರೂ ಅಷ್ಟೇ. ಪ್ಲಾನ್ ಬರೆಸುವ ಮೊದಲು ಓವರ್‌ಸಿಯರ್ ಜೊತೆ ಟೇಪು ಹಿಡಿದು ಬೇಲಿಯಾಚೆಯ ಬಾವಿಯವರೆಗೂ ಅಳೆಯಿರಿ.