ದ್ರಾಕ್ಷಿ ತೋಟದ ಕೆಲಸಕ್ಕೆ ಹೊರಟ ಶಿರಸಿಯ ತಮ್ಮನಿಗೆ

ತಮ್ಮ, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ, ಗ್ರೇಟ್ ವೆಸ್ಟರ್ನ್ ಎಂಬ ಊರಿನ ಹತ್ತಿರ, ಒಂದೇ ಮನೆತನದವರು ತಲೆಮಾರುಗಳಿಂದ ನಡೆಸುತ್ತಿರುವ ದ್ರಾಕ್ಷಿ ತೋಟದಲ್ಲಿ ಕೆಲಸ ಸಿಗುವಂತಿದೆ, ಅಡಿಕೆ ತೋಟದಲ್ಲಿ ಬೆಳೆದವನಿಗೆ ಆ ಬದುಕು ಒಗ್ಗೀತೇ, ವೈನ್ ಮಾಡುವ ಜಾಗವೆಂದು ಆಯಿಗೆ ಹೇಗೆ ಹೇಳಲಿ ಎಂದು ಕೇಳಿದ್ದೀಯ. ಶಿರಸಿ ಬಳಿಯ ಹುಲೇಕಲ್ ಕಡೆಯಿಂದ ಬಂದು ಗ್ರೇಟ್ ವೆಸ್ಟರ್ನ್ ಸೀಮೆಯ ದ್ರಾಕ್ಷಿ ತೋಟಗಳಲ್ಲೇ ದುಡಿದು ನೆಲೆಸಿದವನಾಗಿ ಹೇಳುತ್ತೇನೆ: ಬೇಗ ಹಣ ಮಾಡುವ ಆಸೆ ಇಟ್ಟುಕೊಳ್ಳದಿದ್ದರೆ ಒಗ್ಗುತ್ತದೆ.

ಇಲ್ಲಿನ ಹಳೆಯ ತೋಟಗಳ ಕಾಲಮಾನವೇ ಬೇರೆ. ಹೆನ್ರಿ ಬೆಸ್ಟ್ 1866ರಲ್ಲಿ ಶುರುಮಾಡಿದ ತೋಟವನ್ನು ಥಾಮ್ಸನ್ ಕುಟುಂಬ 1920ರಲ್ಲಿ ಕೊಂಡು ಇಂದಿಗೂ ನಡೆಸುತ್ತಿದೆ; 1868ರಲ್ಲಿ ನೆಟ್ಟ ಒಂದು ತುಂಡಿನಲ್ಲಿ ಯಾವ ತಳಿಯೆಂದು ಇನ್ನೂ ಗೊತ್ತಾಗದ ಬಳ್ಳಿಗಳಿವೆ. 1877ರಲ್ಲಿ ಜೀಲಾಂಗ್ ಬಳಿ ಫಿಲಾಕ್ಸೆರಾ ಎಂಬ ಬೇರಿನ ಹೇನು ಕಾಣಿಸಿಕೊಂಡು ವಿಕ್ಟೋರಿಯಾದ ಎಷ್ಟೋ ತೋಟಗಳನ್ನು ಹಾಳುಮಾಡಿದರೂ ಗ್ರೇಟ್ ವೆಸ್ಟರ್ನ್ ಉಳಿದುಕೊಂಡಿತು. ಆದ್ದರಿಂದಲೇ ಬೇರೆ ತೋಟದ ಮಣ್ಣು ಮೆತ್ತಿದ ಬೂಟಿನಲ್ಲಿ ಬಳ್ಳಿಗಳ ಸಾಲಿಗೆ ಯಾರೂ ಕಾಲಿಡುವಂತಿಲ್ಲ. ಇದನ್ನು ಅತಿ ಮಡಿ ಎಂದುಕೊಳ್ಳಬೇಡ. ಕಸಿ ಮಾಡದೆ ಸ್ವಂತ ಬೇರಿನ ಮೇಲೆ ನಿಂತ ಆ ಹಳೆಯ ಬಳ್ಳಿಗಳು ಒಮ್ಮೆ ಹೋದರೆ ಮರಳಿ ಬರುವುದಿಲ್ಲ.

ಹವೆಯ ವಿಷಯ. ಶಿರಸಿಯಲ್ಲಿ ಜುಲೈ ಒಂದರಲ್ಲೇ ಬೀಳುವಷ್ಟು ಮಳೆ ಇಲ್ಲಿ ಸಾಮಾನ್ಯವಾಗಿ ಇಡೀ ವರ್ಷಕ್ಕೂ ಬೀಳುವುದಿಲ್ಲ. ರಾತ್ರಿಯ ತಂಪಿನಿಂದ ಹಣ್ಣು ನಿಧಾನವಾಗಿ ಮಾಗುತ್ತದೆ, ಹುಳಿ ಉಳಿಯುತ್ತದೆ. ಇಲ್ಲಿನ ಶಿರಾಜ್ ಎಂಬ ಕಪ್ಪು ದ್ರಾಕ್ಷಿಯ ವೈನಿನಲ್ಲಿ ಕಾಳುಮೆಣಸಿನ ಘಮ ಬರುವುದೂ ಈ ತಂಪಿನ ಗುಣದಿಂದಲೇ. ಅದೇ ತಂಪು ಇಲ್ಲಿ ಚಿಗುರುವ ಕಾಲವಾದ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹೆಪ್ಪುಗಟ್ಟಿದ ಇಬ್ಬನಿಯಾಗಿ ಬಿದ್ದರೆ ಚಿಗುರು ಒಂದೇ ರಾತ್ರಿಯಲ್ಲಿ ಸುಟ್ಟುಹೋಗುತ್ತದೆ. ಇಲ್ಲಿ ಚಳಿಗಾಲವಾದ ಜೂನ್‌ನಿಂದ ಆಗಸ್ಟ್‌ವರೆಗೆ ಬಳ್ಳಿ ಸವರುವ ಕೆಲಸದಲ್ಲಿ ಬೆಳಗಿನ ಹೊತ್ತು ಬೆರಳು ಮರಗಟ್ಟುವುದನ್ನು ನೀನು ಸಹಿಸಲೇಬೇಕಾಗುತ್ತದೆ.

ನಿನಗೆ ಬರುವ ವಿದ್ಯೆಗೆ ಇಲ್ಲಿ ಬೆಲೆಯಿದೆ, ಅದನ್ನು ಸಂಕೋಚವಿಲ್ಲದೆ ಹೇಳಿಕೋ. ಅಡಿಕೆಯ ಕೊಳೆರೋಗಕ್ಕೆ ನಿನ್ನ ಅಪ್ಪಯ್ಯ ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಸುವ ಬೋರ್ಡೋ ದ್ರಾವಣ ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ, 1885ರ ಹೊತ್ತಿಗೆ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅದನ್ನು ಅಡಿಕೆಗೆ ತಂದರು. ಮೈಲುತುತ್ತದ ತಾಮ್ರ ಮಣ್ಣಿನಲ್ಲಿ ಕೂಡುತ್ತಾ ಹೋಗುವುದರಿಂದ, ಮಣ್ಣಿನ ಮೇಲೆ ಕಾಳಜಿಯಿರುವ ತೋಟಗಳಲ್ಲಿ ಈಗ ಅದನ್ನು ಅಳೆದು ತೂಗಿ ಬಳಸುತ್ತಾರೆ. ಎಲೆ ತೆಗೆದು ಗೊಂಚಲಿಗೆ ಗಾಳಿಯಾಡುವಂತೆ ಮಾಡುವುದು, ಸಾಲುಗಳ ನಡುವೆ ಹುಲ್ಲು ಬೆಳೆಸಿ ಚಳಿಗಾಲದಲ್ಲಿ ಕುರಿ ಮೇಯಿಸುವುದು, ಹಿಂಡಿದ ಹಣ್ಣಿನ ಸಿಪ್ಪೆಯನ್ನು ಗೊಬ್ಬರ ಮಾಡಿ ಬುಡಕ್ಕೆ ಹಾಕುವುದು ಮುಂತಾದ ಕ್ರಮಗಳು, ಒಂದು ಎಕರೆ ಅಡಿಕೆಗೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಗೊಬ್ಬರದ ಸೊಪ್ಪು ತರುವ ಕಾಡು, ಪಡೆದ ನಮ್ಮ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾದವಲ್ಲ. ಆ ಬೆಟ್ಟಗಳನ್ನು ಬೋಳು ಮಾಡುತ್ತಿರುವವರನ್ನು ನೆನೆದರೆ ನನಗೆ ಇಲ್ಲಿದ್ದೂ ಸಂಕಟವಾಗುತ್ತದೆ.

ಆಯಿಗೆ ನಿಜವನ್ನೇ ಹೇಳು. ವೈನ್ ರುಚಿ ನೋಡುವವರು ಬಾಯಲ್ಲಿಟ್ಟು ಉಗುಳುತ್ತಾರೆ. ತೋಟದ ಕೆಲಸದವನು ಅದನ್ನೂ ಮಾಡಬೇಕಿಲ್ಲ, ಹಣ್ಣು ತಿಂದು ನೋಡಿದರೆ ಸಾಕು. ಕುಡಿಯುವುದಿಲ್ಲ ಎಂದರೆ ಯಾರೂ ಒತ್ತಾಯಿಸಿದ್ದನ್ನು ನಾನು ಕಂಡಿಲ್ಲ.

ಉಳಿದದ್ದು ಚಿಕ್ಕ ಮಾತು. ಊರು ಸಣ್ಣದು, ಮೆಲ್ಬೋರ್ನ್ 200 ಕಿಲೋಮೀಟರಿಗೂ ದೂರ, ಕಾರಿಲ್ಲದೆ ನಡೆಯುವುದಿಲ್ಲ. ಕೊಯ್ಲಿನ ಕಾಲದ ಹೆಚ್ಚುವರಿ ದುಡಿಮೆಗೆ ಸಂಬಳವೆಷ್ಟು, ವಾಸಕ್ಕೆ ಮನೆ ಅವರೇ ಕೊಡುತ್ತಾರೆಯೇ ಎಂಬುದನ್ನು ಬರುವ ಮೊದಲೇ ಬರಹದಲ್ಲಿ ಕೇಳಿ ತೆಗೆದುಕೋ. ಬೀಜ, ಗಿಡ, ಬಳ್ಳಿಯ ತುಂಡು ಯಾವುದನ್ನೂ ತರಬೇಡ. ಅಪ್ಪೆಮಿಡಿ ಉಪ್ಪಿನಕಾಯಿ ತಂದರೆ ವಿಮಾನ ನಿಲ್ದಾಣದ ಅರ್ಜಿಯಲ್ಲಿ ಬರೆದು ತೋರಿಸು, ಮತ್ತು ತೋಟದಲ್ಲಿ ಹಾಕಿದ ಚಪ್ಪಲಿಯನ್ನು ಊರಲ್ಲೇ ಬಿಟ್ಟು ಬಾ.