ಲೂಕಾ ಟ್ರೇಡ್‌ನಲ್ಲಿ ಗೆದ್ದವರು ಯಾರು? ಫ್ಲ್ಯಾಗ್ ಬಂದಮೇಲೆ ಡಲ್ಲಾಸ್‌ಗೆ ಕೊಟ್ಟ ‘ಎಫ್’ ತಿದ್ದಬೇಕಾ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಡಲ್ಲಾಸ್ ತಂಡ ತನ್ನ ತಾರೆ ಲೂಕಾ ಡಾನ್ಚಿಚ್‌ನನ್ನು ಲೇಕರ್ಸ್ ತಂಡಕ್ಕೆ ಬದಲಿಗೆ ಕೊಟ್ಟ ಟ್ರೇಡ್ ಆದ ರಾತ್ರಿಯೇ ಲೇಕರ್ಸ್‌ಗೆ ಎ ಪ್ಲಸ್, ಡಲ್ಲಾಸ್‌ಗೆ ಎಫ್ ಕೊಟ್ಟು ವಿಡಿಯೋ ಹಾಕಿದ್ರಿ. ಈಗ ಹೊಸ ಹುಡುಗರಲ್ಲೇ ಮೊದಲಿಗನಾದ ಕೂಪರ್ ಫ್ಲ್ಯಾಗ್ ಡಲ್ಲಾಸ್ ಪಾಲಾದ ಮೇಲೆ ನೋಡುವವರೆಲ್ಲ ‘ಗ್ರೇಡ್ ತಿದ್ರಿ’ ಅಂತ ಜೀವ ತಿನ್ನುತ್ತಿದ್ದಾರೆ. ಪಾಪ, ಅನುಭವಿಸಿ. ನಾನೂ ಇದೇ ಕೆಲಸ ಮಾಡುತ್ತಿದ್ದವನು, ವಾಟ್ಸ್ಆಪ್ ಗ್ರೂಪಿನಲ್ಲಿ.

ನಾನು ತೀರ್ಥಹಳ್ಳಿ ಕಡೆಯವನು. ಡಲ್ಲಾಸ್‌ಗೆ ಅಂಟಿಕೊಂಡೇ ಇರುವ ಅರ್ವಿಂಗ್ ಊರಿಗೆ ಬಂದು ಕೆಲವು ವರ್ಷ ಆದಮೇಲೆ ನಾವು ಹತ್ತು ಜನ ಸೇರಿ ಫ್ಯಾಂಟಸಿ ಲೀಗ್ ಶುರು ಮಾಡಿದೆವು. ಏಳು ಜನ ಕನ್ನಡದವರು, ಇಬ್ಬರು ತೆಲುಗಿನವರು, ಒಬ್ಬ ಇಲ್ಲೇ ಹುಟ್ಟಿ ಬೆಳೆದವನು. ಎನ್‌ಬಿಎ ಆಟಗಾರರನ್ನು ಸರದಿಯ ಮೇಲೆ ಆರಿಸಿ ಹಂಚಿಕೊಳ್ಳುವುದು, ಅವರು ಹೊಡೆದ ಪಾಯಿಂಟು, ಹಿಡಿದ ರೀಬೌಂಡು ನಮ್ಮ ಖಾತೆಗೆ. ವರ್ಷಕ್ಕೆ ಮೂವರನ್ನು ಕೈಬಿಡದೆ ಇಟ್ಟುಕೊಳ್ಳಬಹುದು. ಕೊನೇ ಸ್ಥಾನಕ್ಕೆ ಬಂದವನು ಹತ್ತೂ ಮನೆಯವರಿಗೆ ಊಟ ಹಾಕಬೇಕು. 2018ರ ಕೊನೇ ಸುತ್ತಿನಲ್ಲಿ, ಯಾರೂ ಬೇಡ ಅಂದಮೇಲೆ ನನಗೆ ಸಿಕ್ಕಿದ್ದ ಹುಡುಗನ ಹೆಸರು ಶೇ ಗಿಲ್ಜಸ್-ಅಲೆಕ್ಸಾಂಡರ್.

2019ರ ಜುಲೈ 5ರ ರಾತ್ರಿ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 7.1 ತೀವ್ರತೆಯ ಭೂಕಂಪ ಆದ ರಾತ್ರಿ ಅದು. ಅದಾಗಿ ಕೆಲವೇ ಗಂಟೆಗಳಲ್ಲಿ, ನಮ್ಮಲ್ಲಿ ಮಧ್ಯರಾತ್ರಿ ದಾಟಿದ ಮೇಲೆ, ಫೋನು ಬಡಿದುಕೊಳ್ಳತೊಡಗಿತು. ತಾರಾ ಆಟಗಾರ ಕವಾಯ್ ಲೆನರ್ಡ್ ಲಾಸ್ ಏಂಜಲೀಸ್‌ನ ಕ್ಲಿಪ್ಪರ್ಸ್ ತಂಡ ಸೇರುತ್ತಿದ್ದಾನೆ, ಜೊತೆಗೆ ಒಕ್ಲಹೋಮಾ ಸಿಟಿ ಥಂಡರ್‌ನಿಂದ ಪಾಲ್ ಜಾರ್ಜ್ ಕೂಡ. ಜಾರ್ಜ್‌ಗೆ ಬದಲಾಗಿ ಕ್ಲಿಪ್ಪರ್ಸ್ ಕೊಟ್ಟಿದ್ದು ಶೇ, ಡ್ಯಾನಿಲೊ ಗ್ಯಾಲಿನಾರಿ, ಮೊದಲ ಸುತ್ತಿನ ಐದು ಪಿಕ್ (ಮುಂದಿನ ವರ್ಷಗಳಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿ), ಅದರ ಮೇಲೆ ಎರಡು ವರ್ಷ ಸರದಿ ಅದಲುಬದಲು ಮಾಡಿಕೊಳ್ಳುವ ಹಕ್ಕು. ಹಾಸಿಗೆಯಲ್ಲಿ ಮಲಗಿಕೊಂಡೇ ಮಾರ್ಕ್ಸ್ ಕಾರ್ಡ್ ಬರೆದು ಗ್ರೂಪಿಗೆ ಹಾಕಿದೆ: ಕ್ಲಿಪ್ಪರ್ಸ್ 98, ಥಂಡರ್ 45. ಹೆಬ್ಬೆಟ್ಟುಗಳು ಸಾಲಾಗಿ ಬಂದವು.

ಮರುದಿನ ಬೆಳಗ್ಗೆ ದಾವಣಗೆರೆಯ ಗೆಳೆಯ ಫೋನ್ ಮಾಡಿದ. ಲೀಗಿನಲ್ಲಿ ಪಾಲ್ ಜಾರ್ಜ್ ಅವನ ಬಳಿ ಇದ್ದ. “ಲೇ, ನಿನ್ನ ಲೆಕ್ಕದ ಪ್ರಕಾರ ಜಾರ್ಜ್ ಅಂದ್ರೆ ಚಿನ್ನ ಅಲ್ಲೇನಲೇ? ತಗೋ ಹಂಗಾದ್ರ. ಆ ಶೇ ಹುಡುಗನ್ನ ಕೊಡು, ಮುಂದಿನೆರಡು ವರ್ಷದ ನಿನ್ನ ಮೊದಲ್ನೇ ಸರದಿನೂ ಕೊಡು.” ಹತ್ತು ನಿಮಿಷವೂ ತೆಗೆದುಕೊಳ್ಳದೆ ಒಪ್ಪಿಬಿಟ್ಟೆ.

ನಾನು ಮಾಡಿದ ತಪ್ಪು ಯಾವುದು ಅಂತ ಸರಿಯಾಗಿ ಹೇಳಬೇಕು, ಯಾಕಂದ್ರೆ ಎಲ್ಲರೂ ಅದನ್ನು ತಪ್ಪಾಗಿಯೇ ತಿಳಿದುಕೊಳ್ಳುತ್ತಾರೆ. ಜಾರ್ಜ್‌ನನ್ನು ತೆಗೆದುಕೊಂಡಿದ್ದು ತಪ್ಪಲ್ಲ. ಹಿಂದಿನ ಸೀಸನ್ನಿನಲ್ಲಿ ಅವನ ಸರಾಸರಿ 28 ಪಾಯಿಂಟ್, ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ ಯಾರು ಅನ್ನುವ ಮತದಾನದಲ್ಲಿ ಮೂರನೆಯವನು. ಅವನ ವಯಸ್ಸು 29, ಶೇಗೆ ಇನ್ನೂ 21 ತುಂಬಿಲ್ಲ ಅನ್ನುವುದೂ ಗೊತ್ತಿತ್ತು. ಜಾರ್ಜ್‌ನ ಎರಡೂ ಭುಜಕ್ಕೆ ಆ ಬೇಸಿಗೆಯಲ್ಲೇ ಶಸ್ತ್ರಚಿಕಿತ್ಸೆ ಆಗಿದ್ದೂ ಗೊತ್ತಿತ್ತು. ಶೇ ಇಷ್ಟು ಎತ್ತರಕ್ಕೆ ಹೋಗುತ್ತಾನೆ ಅಂತ ಊಹಿಸದೇ ಇದ್ದದ್ದೂ ತಪ್ಪಲ್ಲ, ಮೊದಲ ವರ್ಷ ಅವನ ಸರಾಸರಿ 10.8.

ತಪ್ಪು ಎಕ್ಸೆಲ್ ಶೀಟಿನಲ್ಲಿತ್ತು. ಎಡಗಡೆ ನನಗೆ ಬರುವುದು, ಬಲಗಡೆ ನಾನು ಕೊಡುವುದು. ಎಡಗಡೆ ‘ಪಾಲ್ ಜಾರ್ಜ್’, ಅವನ ಅಂಕಿಗಳು. ಬಲಗಡೆ ‘ಶೇ’, ಅವನ ಅಂಕಿಗಳು. ಅದರ ಕೆಳಗೆ ‘2020ರ ಸರದಿ’, ‘2021ರ ಸರದಿ’. ಆ ಎರಡು ಖಾನೆಗಳಲ್ಲಿ ಏನು ತುಂಬಬೇಕು ಅಂತ ತಿಳಿಯಲಿಲ್ಲ. ಆಟಗಾರ ಯಾರು ಅಂತ ಗೊತ್ತಿಲ್ಲ, ಹೆಸರಿಲ್ಲ, ಅಂಕಿ ಎಲ್ಲಿಂದ ತರಲಿ? ಖಾಲಿ ಬಿಟ್ಟೆ. ಖಾಲಿ ಬಿಟ್ಟರೆ ಎಕ್ಸೆಲ್ ಏನು ಮಾಡುತ್ತೆ? ಕೂಡುವಾಗ ಸೊನ್ನೆ ಅಂತಲೇ ಹಿಡಿಯುತ್ತೆ. ಕೆಳಗೆ ಮೊತ್ತ ಬಂತು, ನನ್ನ ಕಡೆಯ ಮೊತ್ತ ದೊಡ್ಡದು, ಹಸಿರು ಬಣ್ಣ. ಖುಷಿಯೋ ಖುಷಿ. ಹಿಂದಿನ ರಾತ್ರಿ ಥಂಡರ್‌ಗೆ 45 ಕೊಟ್ಟಾಗಲೂ ಇದನ್ನೇ ಮಾಡಿದ್ದೆ. ಐದು ಪಿಕ್‌ಗಳನ್ನು ಬೆರಳು ಮಡಚಿ ಎಣಿಸಿ, ತೂಕ ಮಾತ್ರ ಹಾಕದೆ ಬಿಟ್ಟಿದ್ದೆ. ‘ಗೊತ್ತಿಲ್ಲ’ ಅಂತ ಬರೆಯಬೇಕಾದ ಕಡೆ ‘ಏನೂ ಇಲ್ಲ’ ಅಂತ ಬರೆದೆ. ಇಷ್ಟೇ ತಪ್ಪು, ಆದರೆ ಇದೊಂದೇ ಸಾಕಾಯ್ತು.

ನಾಚಿಕೆಯ ವಿಷಯ ಏನಂದ್ರೆ, ನಾನು ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವನು. ಚೇಣಿ ಅಂದರೆ ಏನು ಅಂತ ಎಂಟು ವರ್ಷದವನಿದ್ದಾಗಲೇ ಗೊತ್ತಿತ್ತು. ಅಡಿಕೆ ಕೊನೆ (ಗೊನೆ) ಇನ್ನೂ ಮರದ ಮೇಲಿರುವಾಗಲೇ ಫಸಲಿನ ಲೆಕ್ಕ ಹಾಕಿ, ಅದನ್ನು ಗುತ್ತಿಗೆ ಹಿಡಿಯುವ ಚೇಣಿದಾರನ ಹತ್ತಿರ ಮಾತಾಡುವುದು. ಎಷ್ಟು ಉದುರುತ್ತೋ, ಯಾವ ಮಳೆಗೆ ಕೊಳೆರೋಗ ಬರುತ್ತೋ ಯಾರಿಗೂ ಗೊತ್ತಿಲ್ಲ. ಹಾಗಂತ ಅಪ್ಪಯ್ಯ ಯಾವತ್ತಾದರೂ ‘ಗೊತ್ತಿಲ್ಲ, ಪುಕ್ಕಟೆ ತಗೊಂಡು ಹೋಗು’ ಅಂದಿದ್ದಾರಾ?

ಆ ಖಾಲಿ ಖಾನೆಗಳು ಆಮೇಲೆ ತುಂಬಿಕೊಂಡವು. ಕ್ಲಿಪ್ಪರ್ಸ್ ಕೊಟ್ಟ 2022ರ ಪಿಕ್ 12ನೇ ಸ್ಥಾನಕ್ಕೆ ಬಿತ್ತು, ಅದರಲ್ಲಿ ಥಂಡರ್ ಆರಿಸಿಕೊಂಡಿದ್ದು ಜೇಲನ್ ವಿಲಿಯಮ್ಸ್‌ನನ್ನು. 2024-25ರಲ್ಲಿ ಶೇ ಸರಾಸರಿ 32.7 ಪಾಯಿಂಟ್ ಹೊಡೆದು ಎಂವಿಪಿ ಆದ, ತಂಡ 68 ಪಂದ್ಯ ಗೆದ್ದು ಇಂಡಿಯಾನಾವನ್ನು ಏಳು ಪಂದ್ಯಗಳ ಫೈನಲ್‌ನಲ್ಲಿ ಸೋಲಿಸಿತು. ನಮ್ಮ ಲೀಗಿನಲ್ಲಿ? ನನ್ನ 2020ರ ಸರದಿಯಲ್ಲಿ ದಾವಣಗೆರೆಯವನು, ಮುಂದೆ ಇಂಡಿಯಾನಾ ಸೇರಿದ ಟೈರೀಸ್ ಹಾಲಿಬರ್ಟನ್‌ನನ್ನು ಎತ್ತಿಕೊಂಡ. ಅಂದರೆ 2025ರ ಫೈನಲ್‌ನಲ್ಲಿ ಆ ಕಡೆಯ ನಾಯಕನೂ ಈ ಕಡೆಯ ನಾಯಕನೂ ನಾನು ಕೈಯಾರೆ ಬಿಟ್ಟುಕೊಟ್ಟವರೇ. ಆ ಹೊತ್ತಿಗೆ ನಾನು ಮೂರು ಸಲ ಹತ್ತು ಮನೆಯವರಿಗೆ ಊಟ ಹಾಕಿ ಆಗಿತ್ತು. ಪ್ರತಿ ಜುಲೈ 12ಕ್ಕೆ ನನಗೆ ದಾವಣಗೆರೆಯವನಿಂದ ‘ಹ್ಯಾಪಿ ಬರ್ತ್‌ಡೇ’ ಮೆಸೇಜು ಬರುತ್ತೆ. ಅದು ಶೇ ಹುಟ್ಟಿದ ದಿನ. ನಾನು ಹುಟ್ಟಿದ್ದು ನವೆಂಬರಿನಲ್ಲಿ.

ಇದು ಹೊಸ ಕಥೆಯೂ ಅಲ್ಲ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್, ವಯಸ್ಸಾಗುತ್ತಿದ್ದ ಪಾಲ್ ಪಿಯರ್ಸ್ ಮತ್ತು ಕೆವಿನ್ ಗಾರ್ನೆಟ್‌ಗಾಗಿ ಬಾಸ್ಟನ್‌ಗೆ 2014, 2016, 2018ರ ಪಿಕ್‌ಗಳನ್ನೂ 2017ರ ಅದಲುಬದಲು ಹಕ್ಕನ್ನೂ ಕೊಟ್ಟಿತ್ತು. 2016ರದ್ದು ಜೇಲನ್ ಬ್ರೌನ್ ಆಯ್ತು. 2017ರದ್ದು ಒಂದನೇ ಸ್ಥಾನಕ್ಕೆ ಬಿತ್ತು, ಬಾಸ್ಟನ್ ಅದನ್ನು ಫಿಲಡೆಲ್ಫಿಯಾಗೆ ಕೊಟ್ಟು ಮೂರಕ್ಕಿಳಿದು ಜೇಸನ್ ಟೇಟಮ್‌ನನ್ನು ತಂದಿತು. ಟ್ರೇಡ್ ಆದಾಗ ಇವರಿಬ್ಬರೂ 16, 15 ವರ್ಷದ ಹುಡುಗರು. 2024ರ ಫೈನಲ್‌ನಲ್ಲಿ ಲೂಕಾನ ಡಲ್ಲಾಸನ್ನು 4-1ರಲ್ಲಿ ಮಡಚಿದ್ದು ಇವರೇ.

ಸರಿ, ಲೂಕಾ ವಿಷಯ. 2025ರ ಫೆಬ್ರವರಿ 1, ಶನಿವಾರ, ರಾತ್ರಿ 11 ದಾಟಿತ್ತು. ನಾನು ದೋಸೆ ಹಿಟ್ಟು ರುಬ್ಬುತ್ತಿದ್ದೆ. ಸುದ್ದಿ ಕೊಟ್ಟ ವರದಿಗಾರನ ಅಕೌಂಟ್ ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ಊರಿಗೆ ಊರೇ ನಂಬಿತ್ತು. ಲೂಕಾ ಡಾನ್ಚಿಚ್, ಜೊತೆಗೆ ಮ್ಯಾಕ್ಸಿ ಕ್ಲೀಬರ್, ಮಾರ್ಕೀಫ್ ಮಾರಿಸ್ ಲೇಕರ್ಸ್‌ಗೆ. ಡಲ್ಲಾಸ್‌ಗೆ ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, ಮೊದಲ ಸುತ್ತಿನ ಒಂದು ಪಿಕ್, ಅದೂ 2029ರದ್ದು.

ಒಂದೇ ಒಂದು! ಪಾಲ್ ಜಾರ್ಜ್‌ಗೆ ಐದು ಬಂದಿದ್ದವು. 2024ರಲ್ಲಿ ಮಿಕಾಲ್ ಬ್ರಿಜಸ್‌ಗೆ, ಒಂದು ಸಲವೂ ಆಲ್‌ಸ್ಟಾರ್ (ವರ್ಷದ ತಾರೆಯರ ಪಂದ್ಯಕ್ಕೆ ಆಯ್ಕೆ) ಆಗದ ಆಟಗಾರನಿಗೆ, ನಿಕ್ಸ್ ತಂಡ ಐದು ಕೊಟ್ಟಿತ್ತು. ಇನ್ನೂ 26 ತುಂಬದ, ಹಿಂದಿನ ವರ್ಷ 33.9 ಸರಾಸರಿಯಲ್ಲಿ ಲೀಗಿಗೇ ಮೊದಲಿಗನಾಗಿದ್ದ ಲೂಕಾಗೆ ಒಂದು. ಡೇವಿಸ್ 32ಕ್ಕೆ ಕಾಲಿಡುತ್ತಿದ್ದವನು. ಡಲ್ಲಾಸ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಈ ಮಾತುಕತೆಯನ್ನು ತನಗೆ ಹಳೇ ಪರಿಚಯದ ಲೇಕರ್ಸ್‌ನ ರಾಬ್ ಪೆಲಿಂಕಾ ಜೊತೆ ಗುಟ್ಟಾಗಿ ನಡೆಸಿದ. ಲೂಕಾ ಮಾರಾಟಕ್ಕಿದ್ದಾನೆ ಅಂತ ಬೇರೆ ತಂಡಗಳಿಗೆ ಗೊತ್ತೇ ಇರಲಿಲ್ಲ. ಮನೆಯ ರಾಶಿ ಅಡಿಕೆಯನ್ನು ಶಿವಮೊಗ್ಗ ಮಂಡಿಗೆ ಹಾಕದೆ, ಅಂಗಳದಲ್ಲಿ ಕಾಫಿ ಕುಡಿಯುತ್ತಾ ಕೂತ ಪರಿಚಯದ ವ್ಯಾಪಾರಿಗೇ ಅಳೆದುಕೊಟ್ಟ ಹಾಗೆ. ಲೂಕಾನ ಫಿಟ್‌ನೆಸ್ ಬಗ್ಗೆ, ಮುಂದೆ ಕೊಡಬೇಕಾಗಿದ್ದ ಐದು ವರ್ಷಕ್ಕೆ 345 ಮಿಲಿಯನ್ ಡಾಲರ್ ಬಗ್ಗೆ ಹ್ಯಾರಿಸನ್‌ಗೆ ಅನುಮಾನ ಇದ್ದಿದ್ದರೆ ಇರಲಿ, ಮಾರಲಿ. ಹತ್ತು ಜನರ ಮುಂದೆ ಮಾರಬೇಕಿತ್ತು.

ಹಾಗಾಗಿ ನೀವು ಕೊಟ್ಟ ಎಫ್ ಸರಿ. ಈಗ ತಿದ್ದಬೇಡಿ. ಡೇವಿಸ್ ಮೊದಲ ಪಂದ್ಯದಲ್ಲೇ 26 ಪಾಯಿಂಟ್, 16 ರೀಬೌಂಡ್ ಮಾಡಿ ಅದೇ ಪಂದ್ಯದಲ್ಲಿ ಗಾಯಗೊಂಡು ಆರು ವಾರ ಹೊರಗೆ ಕೂತ. ಮಾರ್ಚ್ 3ಕ್ಕೆ ಡಲ್ಲಾಸ್‌ನ ಇನ್ನೊಬ್ಬ ತಾರೆ ಕೈರಿ ಅರ್ವಿಂಗ್ (ನಮ್ಮೂರಿಗೂ ಇವನಿಗೂ ಸಂಬಂಧ ಇಲ್ಲ) ಮೊಣಕಾಲಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿದುಕೊಂಡ. ತಂಡ 39 ಗೆಲುವು, 43 ಸೋಲಿಗೆ ಕುಸಿದು, ಪ್ಲೇಆಫ್‌ಗೆ ಕೊನೇ ಅವಕಾಶವಾದ ಪ್ಲೇ-ಇನ್‌ನಲ್ಲಿ ಮೆಂಫಿಸ್‌ಗೆ ಸೋತು, ಹೊರಬಿದ್ದ ತಂಡಗಳಲ್ಲಿ ಹೊಸ ಹುಡುಗರನ್ನು ಯಾರು ಮೊದಲು ಆರಿಸಬೇಕು ಅಂತ ತೀರ್ಮಾನಿಸುವ ಲಾಟರಿಗೆ ಬಿತ್ತು. ಅಲ್ಲಿ ಒಂದನೇ ಸರದಿ ಸಿಗುವ ಸಾಧ್ಯತೆ 1.8 ಶೇಕಡಾ. ಸಿಕ್ಕಿಬಿಟ್ಟಿತು! ಫ್ಲ್ಯಾಗ್ ಬಂದ. ಇದನ್ನು ಹ್ಯಾರಿಸನ್ ಲೆಕ್ಕಕ್ಕೆ ಜಮಾ ಮಾಡುವುದಾದರೆ, ಎತ್ತು ಮಾರಿ ಬರುವ ದಾರಿಯಲ್ಲಿ ಲಾಟರಿ ಹೊಡೆದವನನ್ನೂ ಒಳ್ಳೇ ದನದ ವ್ಯಾಪಾರಿ ಅನ್ನಬೇಕಾಗುತ್ತೆ. ತಂಡದ ಮಾಲೀಕರೇ ಹಾಗೆ ಜಮಾ ಮಾಡಲಿಲ್ಲ. 2025ರ ನವೆಂಬರ್ 11ರಂದು ಅವನನ್ನು ಮನೆಗೆ ಕಳಿಸಿದರು.

ಇದೇ ಟ್ರೇಡ್‌ನಲ್ಲಿ ಮೂರನೇ ತಂಡ ಒಂದಿತ್ತು, ಯೂಟಾ ಜಾಝ್. ಜೇಲನ್ ಹುಡ್-ಶಿಫಿನೋ ಜೊತೆಗೆ ಎರಡನೇ ಸುತ್ತಿನ ಎರಡು ಪಿಕ್ ಪಡೆದವರು. ಆ ಸೀಸನ್ನಿನಲ್ಲಿ ಬರೀ 17 ಪಂದ್ಯ ಗೆದ್ದು ಇಡೀ ಲೀಗಿನಲ್ಲಿ ಕೊನೆಗೆ ನಿಂತಿದ್ದ ಅವರು ಲಾಟರಿಯಲ್ಲಿ ಐದನೇ ಸ್ಥಾನಕ್ಕೆ ಜಾರಿದರು. ನಿಮ್ಮ ವಿಡಿಯೋದಲ್ಲಿ ಅವರ ಹೆಸರೇ ಇರಲಿಲ್ಲ.

ನಿಮ್ಮ ಪ್ರಶ್ನೆಯೇ ನನಗೆ ಅಷ್ಟಾಗಿ ಒಪ್ಪಿಗೆ ಇಲ್ಲ. ‘ಗೆದ್ದವರು ಯಾರು’ ಅಂದರೆ ಇನ್ನೊಬ್ಬರು ಸೋತಿರಲೇಬೇಕು ಅಂತ ಮೊದಲೇ ತೀರ್ಮಾನಿಸಿದ ಹಾಗಾಯ್ತು. 2019ರ ಟ್ರೇಡ್‌ನಲ್ಲಿ ಕ್ಲಿಪ್ಪರ್ಸ್ ಮೂರ್ಖರಾಗಿರಲಿಲ್ಲ. ಜಾರ್ಜ್ ಬರದಿದ್ದರೆ ಕವಾಯ್ ಬರುತ್ತಿರಲಿಲ್ಲ, 2021ರಲ್ಲಿ ಅವರ ಇತಿಹಾಸದಲ್ಲೇ ಮೊದಲ ಸಲ ಕಾನ್ಫರೆನ್ಸ್ ಫೈನಲ್ (ಸೆಮಿಫೈನಲ್ ಇದ್ದ ಹಾಗೆ) ಆಡಿದರು. ನಾನು ಕೊಟ್ಟ 98 ಅಷ್ಟೇನೂ ಕೆಟ್ಟದ್ದಲ್ಲ. ಕೆಟ್ಟದ್ದು ಆ 45. ಲೇಕರ್ಸ್‌ಗೆ ನೀವು ಕೊಟ್ಟ ಎ ಪ್ಲಸ್ ಕೂಡ ಒಪ್ಪಂದಕ್ಕೆ ಮಾತ್ರ ಸಲ್ಲುತ್ತೆ. ಆ ವರ್ಷ ಅವರು ಮೊದಲ ಸುತ್ತಿನಲ್ಲೇ ಮಿನೆಸೋಟಾಗೆ 4-1ರಲ್ಲಿ ಸೋತು ಮನೆಗೆ ಹೋದರು.

ಗ್ರೇಡ್ ಕೊಡಲೇಬೇಕು ಅಂದ್ರೆ ಎರಡು ಬೇರೆ ಬೇರೆ ಶೀಟು ಇಡಿ. ಒಂದು ಆ ರಾತ್ರಿಯ ವ್ಯವಹಾರಕ್ಕೆ: ಯಾರ ಹತ್ತಿರ ಕೇಳಿದರು, ಎಷ್ಟು ವರ್ಷದ ಆಟ ಕೊಟ್ಟರು, ಎಷ್ಟು ವರ್ಷದ್ದು ತಗೊಂಡರು. ಅದನ್ನು ಬರೆದು ತಾರೀಖು ಹಾಕಿ, ಮುಟ್ಟಬೇಡಿ. ಇನ್ನೊಂದು ಆಮೇಲೆ ಆಗುವುದಕ್ಕೆ. ಅದನ್ನು ದಿನಾ ತಿದ್ದಿ, ಪರವಾಗಿಲ್ಲ. ನೋಡುಗರು ಬೈದರೆ ಬೈಯಲಿ.

2025ರ ಏಪ್ರಿಲ್ 9ಕ್ಕೆ ಲೂಕಾ ಲೇಕರ್ಸ್ ಅಂಗಿ ಹಾಕಿಕೊಂಡು ಡಲ್ಲಾಸ್‌ಗೆ ಬಂದಾಗ ನಾನು ಮೇಲಿನ ಸಾಲಿನಲ್ಲಿ ಕೂತಿದ್ದೆ. ಸೀಟಿನ ಮೇಲೆ ಒಂದೊಂದು ಟೀ-ಶರ್ಟು ಇಟ್ಟಿದ್ದರು, ಸ್ಲೊವೇನಿಯನ್ ಭಾಷೆಯಲ್ಲಿ ‘ಹ್ವಾಲಾ ಜಾ ವ್ಸೆ’, ಎಲ್ಲದಕ್ಕೂ ಧನ್ಯವಾದ ಅಂತ. ಅವನ ಹಳೇ ವಿಡಿಯೋ ಹಾಕಿದಾಗ ಬೆಂಚಿನ ಮೇಲೆ ಕೂತು ಅತ್ತ, ಎದ್ದು ಬಂದು 45 ಪಾಯಿಂಟ್ ಹೊಡೆದ. ಪಕ್ಕದಲ್ಲಿ ದಾವಣಗೆರೆಯವನು, ತನ್ನ ಶರ್ಟನ್ನು ಮಡಚಿ ನನ್ನ ತೊಡೆ ಮೇಲಿಟ್ಟು “ಇಟ್ಕೊಳಲೇ, ಕಳ್ಕೊಂಡಾವ್ರಿಗೆ ಎರಡಿರ್ಲಿ” ಅಂದ.

ಮನೆಗೆ ಬಂದು ಶೀಟು ತೆಗೆದೆ. ಡಲ್ಲಾಸ್ ಕಡೆಯ ಸಾಲಿನಲ್ಲಿ ‘ಲೇಕರ್ಸ್ 2029’ ಅನ್ನುವ ಖಾನೆ ಇದೆ. ಸೊನ್ನೆಯನ್ನೂ ಹಾಕಿಲ್ಲ, ಖಾಲಿಯೂ ಬಿಟ್ಟಿಲ್ಲ. ಹಳದಿ ಬಣ್ಣ ತುಂಬಿ ‘ಗೊತ್ತಿಲ್ಲ’ ಅಂತ ಬರೆದಿದ್ದೇನೆ. ಕೆಳಗೆ ಮೊತ್ತದ ಜಾಗದಲ್ಲಿ ಎಕ್ಸೆಲ್ ಈಗ ಎರರ್ ತೋರಿಸುತ್ತಿದೆ.